ಮೈಸೂರಿಗರ ಕಡಲು: ಕನ್ನಂಬಾಡಿಯಲ್ಲಿ ಎರಡು ದಿನ

ಮಳೆಗಾಲದಲ್ಲಿ ಮೈಸೂರಿನ ಎಷ್ಟೋ ಮನೆಗಳ ಬೆಳಗು ಪತ್ರಿಕೆಯ ಒಂದು ಪುಟ್ಟ ಚೌಕದಿಂದ ಶುರುವಾಗುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಮ್ಮ ತಂದೆ ಮುಖಪುಟಕ್ಕೂ ಮೊದಲು ಅದನ್ನೇ ಓದುತ್ತಿದ್ದರು. ‘ನೂರ ಹದಿನೆಂಟಾಯ್ತಂತೆ ಕಣೇ’ ಎಂದು ಅಡುಗೆಮನೆಗೆ ಕೇಳುವಂತೆ ಹೇಳಿದರೆ, ಅಮ್ಮ ಒಗ್ಗರಣೆ ಹಾಕುತ್ತಲೇ ‘ಹಾಗಾದ್ರೆ ಭಾನುವಾರ ಹೋಗ್ಬರೋಣ’ ಎನ್ನುತ್ತಿದ್ದರು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಭಾನುವಾರ ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಸಿಟಿ ಬಸ್ ನಿಲ್ದಾಣದಲ್ಲಿ ಕೆ.ಆರ್.ಎಸ್. ಬಸ್ಸಿಗೆ ಕಾಯುತ್ತಿದ್ದೆವು.

ನಮ್ಮೂರಿಗೆ ಸಮುದ್ರವಿಲ್ಲ. ನಿಜವಾದ ಕಡಲು ಕಾಣಬೇಕೆಂದರೆ ಮಡಿಕೇರಿ ದಾಟಿ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು, ಇಲ್ಲವೇ ವಯನಾಡು ಹಾದು ಕಲ್ಲಿಕೋಟೆಗೆ. ಆದರೆ ಊರಿನಿಂದ ಇಪ್ಪತ್ತು ಕಿಲೋಮೀಟರು ಕೂಡ ಆಗದ ದೂರದಲ್ಲಿ ನಾವೇ ಕಟ್ಟಿಕೊಂಡ ಒಂದು ನೀರಿದೆ. ಅದಕ್ಕೆ ಕೆರೆ ಎಂದು ಹೆಸರಿಡಲಿಲ್ಲ, ಜಲಾಶಯ ಎಂದೂ ಇಡಲಿಲ್ಲ. ಸಾಗರ ಎಂದೇ ಕರೆದರು. ಕೃಷ್ಣರಾಜಸಾಗರ.

ಈ ಸಾಗರವನ್ನು ನೆನೆದಾಗ ನನಗೆ ದೂರದ ಇನ್ನೊಂದು ಕಡಲೂರು ನೆನಪಾಗುತ್ತದೆ. ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಸ್ಪೇನಿನ ಗಡಿಗೆ ಹತ್ತಿರ, ಬಾಸ್ಕ್ ಜನರ ಕರಾವಳಿಯಲ್ಲಿ ಬಿಯಾರಿಟ್ಜ್ ಎಂಬ ಊರಿದೆ. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯಾಡುತ್ತಿದ್ದ ಮೀನುಗಾರರ ಹಳ್ಳಿ ಅದು. ಮೂರನೇ ನೆಪೋಲಿಯನ್ನನ ರಾಣಿ ಯೂಜಿನಿಗೆ ಆ ಕಡಲು ಹಿಡಿಸಿತು. 1850ರ ದಶಕದಲ್ಲಿ ಅಲ್ಲಿ ಅವಳಿಗಾಗಿ ಅರಮನೆ ಎದ್ದಿತು, ಹಿಂದೆಯೇ ಯುರೋಪಿನ ಸಿರಿವಂತರೆಲ್ಲ ಬಂದರು. ಆ ಅರಮನೆ ಇವತ್ತು ಹೋಟೆಲು. ಅಲ್ಲಿ ಕಡಲು ಮೊದಲೇ ಇತ್ತು, ಅರಮನೆ ಆಮೇಲೆ ಬಂತು. ನಮ್ಮಲ್ಲಿ ಅರಮನೆ ಮೊದಲೇ ಇತ್ತು, ಕಡಲನ್ನು ಆಮೇಲೆ ಕಟ್ಟಿದರು. ಕಟ್ಟಿದ್ದು ವಿಹಾರಕ್ಕಲ್ಲ, ಹೊಲಕ್ಕೆ ಮತ್ತು ವಿದ್ಯುತ್ತಿಗೆ. ವಿಹಾರ ಅದರ ಜೊತೆಗೆ ಬಂದ ಭಾಗ್ಯ.

ಕೆಲಸ ಶುರುವಾದದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ಚೀಫ್ ಇಂಜಿನಿಯರ್ ಆಗಿದ್ದವರು ವಿಶ್ವೇಶ್ವರಯ್ಯ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಆ ವಿದ್ಯುತ್ತೂ ಸೊರಗುತ್ತಿತ್ತು. ನೀರನ್ನು ಹಿಡಿದಿಡದೆ ದಾರಿಯಿರಲಿಲ್ಲ. ಮದರಾಸು ಸರ್ಕಾರ ಒಪ್ಪಲಿಲ್ಲ. ಕೊನೆಗೆ ಸಿಕ್ಕಿದ್ದು ಮೊದಲ ಹಂತದ ಕಡಿಮೆ ಎತ್ತರಕ್ಕೆ ಮಾತ್ರ ಅನುಮತಿ. ಮೈಸೂರಿನವರು ಅಷ್ಟೇ ಕಟ್ಟಿದರು, ಆದರೆ ಬುನಾದಿಯನ್ನು ಮಾತ್ರ ಪೂರ್ತಿ ಎತ್ತರ ಹೊರುವಷ್ಟು ಅಗಲವಾಗಿ ಹಾಕಿದರು. ನನಗೆ ಈ ಕಟ್ಟೆಯ ಕತೆಯಲ್ಲಿ ಅತಿ ಇಷ್ಟವಾದ ಸಂಗತಿ ಇದು. 1914ರಲ್ಲಿ ಮಧ್ಯಸ್ಥಿಕೆಯ ತೀರ್ಪು, ಮತ್ತೆ ಹತ್ತು ವರ್ಷದ ಜಗ್ಗಾಟ, 1924ರಲ್ಲಿ ಒಪ್ಪಂದ. ಎತ್ತರಿಸಲು ಕೊನೆಗೂ ಒಪ್ಪಿಗೆ ಸಿಕ್ಕಿದಾಗ ಬುನಾದಿ ಕಾಯುತ್ತಾ ಕೂತಿತ್ತು.

ಗಾರೆಗೆ ಸಿಮೆಂಟಿನ ಬದಲು ಸುರ್ಕಿ ಬಳಸಿದರು. ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣದ ಮಿಶ್ರಣ. ಸುಮಾರು 8,600 ಅಡಿ ಉದ್ದದ ಕಲ್ಲಿನ ಕಟ್ಟೆ ಆ ಗಾರೆಯ ಹಿಡಿತದಲ್ಲೇ ಇವತ್ತಿಗೂ ನಿಂತಿದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಇಲ್ಲಿ ಒಂದಾಗುತ್ತವೆ. ತುಂಬಿದರೆ 49 ಟಿಎಂಸಿಗೂ ಹೆಚ್ಚು ನೀರು. ಹುಲಿಕೆರೆಯ ಸುರಂಗ ಹಾದು ಹೋಗುವ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ರಾಗಿ ಹೊಲಗಳನ್ನು ಭತ್ತದ ಗದ್ದೆ, ಕಬ್ಬಿನ ತೋಟ ಮಾಡಿತು. ಬೃಂದಾವನ ತೋಟಕ್ಕೆ ಹೋಗುವವರು ದಾರಿಯಲ್ಲಿ ಒಮ್ಮೆ ನಿಂತು ಆ ಗದ್ದೆಗಳನ್ನು ನೋಡಬೇಕು. ಕಾರಂಜಿಗಿಂತ ದೊಡ್ಡ ಸೊಗಸು ಅದು.

ಅಣೆಕಟ್ಟೆಯ ಬುಡದಲ್ಲಿ ಈ ತೋಟ ಮಾಡಬೇಕೆಂಬ ಹಟ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರದು. ಕಟ್ಟಡದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಉಳಿಯುವುದು ಕಲ್ಲುಗಣಿ, ಗುಂಡಿ, ಮುರಿದ ಶೆಡ್ಡು. ಅಂಥ ಕಡೆ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಉದ್ಯಾನ ಎದ್ದಿತು. 1927ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಕೆಲಸ. ವಿನ್ಯಾಸದಲ್ಲಿ ಲಾಲ್‌ಬಾಗಿನ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಕೈಯಿದೆ. ವಿಸ್ತೀರ್ಣ ಸುಮಾರು 60 ಎಕರೆ. ನೀರು ಮೇಲೆ, ತೋಟ ಕೆಳಗೆ. ಮೊಘಲ್ ತೋಟಕ್ಕೆ ಬೇಕಾದ ಇಳಿಜಾರು ನೀರು ಇಲ್ಲಿ ತಾನಾಗಿ ಒದಗಿತ್ತು. ಮಹಾರಾಜರ ಸಂಸ್ಥಾನ ತನ್ನ ಜನ ಸಂಜೆ ಹೊತ್ತು ಬಂದು ಕೂರಲೆಂದು ಇಷ್ಟು ದುಡಿಯಿತು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ: ಇಲ್ಲಿಗೆ ಎರಡು ಗಂಟೆಗಾಗಿ ಬರಬೇಡಿ. ಹೊರಗಿನಿಂದ ಬರುವವರು ಅರಮನೆ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ ಮುಗಿಸಿ ಸಂಜೆ ಆರೂವರೆಗೆ ಬಸ್ಸಿಂದಿಳಿದು, ಬಣ್ಣದ ದೀಪ ನೋಡಿ, ಸಂಗೀತ ಕಾರಂಜಿಯ ಮುಂದೆ ನೂಕುನುಗ್ಗಲಲ್ಲಿ ನಿಂತು, ಎಂಟಕ್ಕೆ ಹೊರಡುತ್ತಾರೆ. ಅವರು ನೀರನ್ನೇ ನೋಡಿರುವುದಿಲ್ಲ. ಶನಿವಾರ ಮಧ್ಯಾಹ್ನ ಬಂದು ಅಲ್ಲೇ ತಂಗಿ. ತೋಟದ ಮೇಲ್ಬದಿಯಲ್ಲಿ ಅರಸರ ಕಾಲದ ಹೋಟೆಲಿದೆ. ಜೇಬಿಗೆ ಭಾರವಾದರೆ ಊರಿನಲ್ಲಿ ಸಾಧಾರಣ ವಸತಿಯೂ ಸಿಗುತ್ತದೆ. ಮೊದಲ ಸಂಜೆ ದೀಪ ನೋಡಿ, ನೋಡಲೇಬೇಕು. ಕತ್ತಲಾಗುತ್ತಿದ್ದಂತೆ ನೀರಿನ ಮೆಟ್ಟಿಲುಗಳಡಿ ಒಂದೊಂದೇ ಬಣ್ಣ ಹತ್ತಿಕೊಳ್ಳುವಾಗ ಮಕ್ಕಳು ‘ಹೋ’ ಎನ್ನುತ್ತಾರಲ್ಲ, ಆ ಸದ್ದು ನನ್ನ ಬಾಲ್ಯದಲ್ಲಿ ಹೇಗಿತ್ತೋ ಹಾಗೇ ಇದೆ. ಆಗ ಕಟ್ಟೆಯ ಮೇಲೆ ನಡೆದೇ ತೋಟಕ್ಕೆ ಬರಬಹುದಿತ್ತು. ಒಂದು ಕಡೆ ಕಣ್ಣು ಹರಿಯುವಷ್ಟು ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ದೀಪಗಳು. ಭದ್ರತೆಯ ಕಾರಣಕ್ಕೆ ಆ ದಾರಿ ಈಗ ಮುಚ್ಚಿದೆ. ಕಾರಣ ಒಪ್ಪುವಂಥದ್ದೇ, ಆದರೂ ಆ ನಡಿಗೆಯ ಗಾಳಿ ಮೈಗೆ ನೆನಪಿದೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ರಂಗನತಿಟ್ಟಿಗೆ ಹೋಗಿ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಒಡೆಯರು ಪಕ್ಷಿಧಾಮವೆಂದು ಸಾರಿದ ನಡುಗಡ್ಡೆಗಳು ಅವು. ಹುಟ್ಟು ಹಾಕುವ ಅಂಬಿಗರಿಗೆ ಬಣ್ಣದ ಕೊಕ್ಕರೆ ಯಾವ ಮರದಲ್ಲಿ ಗೂಡು ಕಟ್ಟಿದೆ, ಮೊಸಳೆ ಯಾವ ಬಂಡೆಯ ಮೇಲೆ ಬಿಸಿಲು ಕಾಯುತ್ತಿದೆ ಎಂಬುದೆಲ್ಲ ಗೊತ್ತು. ಅಲ್ಲಿಂದ ಬಲಮುರಿಗೆ ಹೋಗುವವರು ಬಹಳ. ಹಾಲಿನಂತೆ ಒಡ್ಡಿನ ಮೇಲಿಂದ ಜಾರುವ ನೀರು ಕರೆಯುತ್ತದೆ, ದಡದಲ್ಲೇ ಇರಿ. ಅಲ್ಲಿ ಸುಳಿಯಿದೆ, ಕಟ್ಟೆಯಿಂದ ನೀರು ಬಿಟ್ಟರೆ ಹರಿವು ಏರುತ್ತದೆ. ಪ್ರತಿ ವರ್ಷ ಎಳೆಯ ಜೀವಗಳು ಅಲ್ಲಿ ಹೋಗುವ ಸುದ್ದಿ ಓದಿ ಓದಿ ಈ ಮಾತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಮೀನು ತಿನ್ನುವವರು ಕೆ.ಆರ್.ಎಸ್. ಬಿಟ್ಟು ಬೇರೆಡೆ ಹೋಗುವುದಿಲ್ಲ. ಇಲ್ಲಿ ರಸ್ತೆ ಬದಿಯ ಅಂಗಡಿಗಳಲ್ಲಿ ಕೆಂಪು ಖಾರದಲ್ಲಿ ಮೆತ್ತಿಟ್ಟ ತುಂಡುಗಳು ಬಾಣಲೆಗೆ ಇಳಿದಾಗ ಏಳುವ ಘಾಟಿಗೆ ಕಾರುಗಳು ತಾವೇ ನಿಲ್ಲುತ್ತವೆ. ಈರುಳ್ಳಿ, ನಿಂಬೆಹೋಳು, ಎಲೆಯ ತಟ್ಟೆ, ಇನ್ನೇನೂ ಬೇಡ.

ಸಂಜೆಯನ್ನು ಹಿನ್ನೀರಿಗೆ ಉಳಿಸಿಕೊಳ್ಳಿ. ಜಲಾಶಯದ ಉತ್ತರ ದಡದ ಹೊಸ ಕನ್ನಂಬಾಡಿಯಲ್ಲಿ ವೇಣುಗೋಪಾಲಸ್ವಾಮಿ ಗುಡಿಯಿದೆ. ಹೊಯ್ಸಳರ ಕಾಲದ ಈ ಗುಡಿ ಹಳೆಯ ಕನ್ನಂಬಾಡಿ ಊರಿನ ಜೊತೆಗೇ ಮುಳುಗಿತ್ತು. ಬರಗಾಲದಲ್ಲಿ ನೀರು ಇಳಿದಾಗ ತಲೆಯೆತ್ತಿ, ಮಳೆ ಬಂದಾಗ ಮತ್ತೆ ಮರೆಯಾಗುತ್ತಿತ್ತು. ಖೋಡೆ ಪ್ರತಿಷ್ಠಾನದವರು ಒಂದೊಂದು ಕಲ್ಲಿಗೂ ಸಂಖ್ಯೆ ಹಾಕಿ, ಬಿಚ್ಚಿ, ದಡಕ್ಕೆ ತಂದು ಮತ್ತೆ ಜೋಡಿಸಿದರು. ಗುಡಿ ಮೇಲೆ ಬಂತು. ಮನೆ, ಜಗಲಿ, ಬಾವಿ, ಕಣ, ಊರ ದಾರಿ ಎಲ್ಲ ಕೆಳಗೇ ಉಳಿದವು. ಮಂಡ್ಯ ಹಸಿರಾಗಲೆಂದು, ವಿದ್ಯುತ್ತು ಸೊರಗದಿರಲೆಂದು ಮುಳುಗಿದ ಹಳ್ಳಿಗಳ ಜನ ಎದ್ದುಹೋದರು. ಬೃಂದಾವನದಲ್ಲಿ ಅವರ ಊರುಗಳ ಹೆಸರು ಬರೆದ ಒಂದು ಕಲ್ಲಾದರೂ ಇರಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ತೋಟವನ್ನು ದೊಡ್ಡ ಮನರಂಜನಾ ಪಾರ್ಕ್ ಮಾಡುವ ಯೋಜನೆಗಳು ಮತ್ತೆ ಮತ್ತೆ ಬರುತ್ತವೆ, ರೈತರು ಕಟ್ಟೆಯ ಸುರಕ್ಷತೆ ಮುಂದಿಟ್ಟು ವಿರೋಧಿಸುತ್ತಾರೆ. ನಾನು ರೈತರ ಕಡೆ. ಇರುವ ತೋಟವನ್ನು ಚೊಕ್ಕಟವಾಗಿ ಇಟ್ಟುಕೊಂಡು ಆ ಹೆಸರುಗಳ ಕಲ್ಲು ನೆಟ್ಟರೆ ಸಾಕು.

ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತರೆ ಎದುರು ದಡ ಮಸುಕಾಗಿ ಕಾಣುತ್ತದೆ. ಗಾಳಿ ಜೋರಾದ ದಿನ ಅಲೆಗಳು ದಡಕ್ಕೆ ಬಡಿಯುತ್ತವೆ, ಸದ್ದು ಕೂಡ ಬರುತ್ತದೆ. ಹೊತ್ತು ಮುಳುಗುವಾಗ ಹರಿಗೋಲೊಂದು ಬಲೆ ಬಿಡುತ್ತಾ ನಿಧಾನ ದೂರ ಸರಿಯುತ್ತದೆ. ಹೋದ ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬಹಳ ಹೊತ್ತು ಸುಮ್ಮನೆ ನೀರು ನೋಡುತ್ತಿದ್ದವರು, ‘ಇವತ್ತು ಎಷ್ಟಡಿ ಇದ್ಯಂತೆ?’ ಎಂದು ಕೇಳಿದರು.