ರಿಪೋರ್ಟ್‌ನಲ್ಲಿ ‘ಬೈರಾಡ್ಸ್ 4’ ಅಂತಿದ್ರೆ? ಸ್ತನದ ಎಂಆರ್‌ಐ ಏನು ಹೇಳುತ್ತೆ, ಏನು ಹೇಳಲ್ಲ

ಇವತ್ತಿನ ಎಪಿಸೋಡ್ ಒಂದು ವಾಟ್ಸ್‌ಆ್ಯಪ್ ಫೋಟೋದಿಂದ ಶುರು ಮಾಡೋಣ. ಹೊಸದುರ್ಗದಲ್ಲಿರೋ ಅಮ್ಮ, ಬೆಂಗಳೂರಲ್ಲಿ ಕೆಲಸ ಮಾಡೋ ಮಗಳಿಗೆ ಸ್ಕ್ಯಾನಿಂಗ್ ರಿಪೋರ್ಟ್ ಕಳಿಸಿದ್ದಾರೆ ಅಂದ್ಕೊಳ್ಳಿ. ಕೊನೆ ಸಾಲಲ್ಲಿ ‘ಬೈರಾಡ್ಸ್ 4’ ಅಂತಿದೆ. ಮಗಳು ಗೂಗಲ್ ಮಾಡ್ತಾಳೆ, ಎದೆ ಧಸಕ್ ಅನ್ನುತ್ತೆ.

ಬೈರಾಡ್ಸ್ ಅಂದ್ರೆ ಸ್ತನದ ಚಿತ್ರಗಳಿಗೆ ರೇಡಿಯಾಲಜಿಸ್ಟ್ ಕೊಡೋ ಅಂಕ, 0ಯಿಂದ 6ರವರೆಗೆ. 4 ಅಂದ್ರೆ ‘ಅನುಮಾನ ಇದೆ, ಬಯಾಪ್ಸಿ ಮಾಡಿ’ ಅಂತ. ಈ ಗುಂಪಿನಲ್ಲಿ ಕ್ಯಾನ್ಸರ್ ಇರೋ ಸಾಧ್ಯತೆ ಶೇ. 2ರಿಂದ ಶೇ. 95ರವರೆಗೆ ಇರಬಹುದು. ಅಂದ್ರೆ ಇದು ತೀರ್ಪಲ್ಲ, ಪ್ರಶ್ನೆ.

ಹಾಗಾದ್ರೆ ಎಂಆರ್‌ಐ ಯಾಕೆ? ಮ್ಯಾಮೊಗ್ರಾಮ್ ಮತ್ತು ಅಲ್ಟ್ರಾಸೌಂಡ್ ಒಂದಕ್ಕೊಂದು ಹೊಂದದಿದ್ದಾಗ, ಅಥವಾ ಕ್ಯಾನ್ಸರ್ ಖಚಿತವಾದ ಮೇಲೆ ಎಷ್ಟು ಹರಡಿದೆ ಅಂತ ಅಳೆಯೋಕೆ ಇದು ಸಹಾಯಕ. ಇದರಲ್ಲಿ ಎಕ್ಸ್‌ರೇ ವಿಕಿರಣ ಇರಲ್ಲ.

ಎರಡು ತಂತ್ರ ಗೊತ್ತಿರಲಿ. ಮೊದಲನೆಯದರಲ್ಲಿ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಔಷಧ ಹಾಕಿ, ಕೆಲವು ನಿಮಿಷ ಮತ್ತೆ ಮತ್ತೆ ಚಿತ್ರ ತೆಗೀತಾರೆ. ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಔಷಧವನ್ನು ಬೇಗ ಹೀರಿ ಬೇಗ ಬಿಟ್ಟುಕೊಡುತ್ತೆ. ಎರಡನೆಯದು ಡಿಫ್ಯೂಷನ್: ಜೀವಕೋಶಗಳು ಒತ್ತೊತ್ತಾಗಿ ತುಂಬಿದ್ರೆ ಅಲ್ಲಿ ನೀರಿನ ಕಣಗಳು ಸರಾಗವಾಗಿ ಓಡಾಡಲ್ಲ. ಹಬ್ಬದ ದಿನ ಬಸ್ ಸ್ಟ್ಯಾಂಡ್‌ನಲ್ಲಿ ನಮಗಾಗೋ ಹಾಗೆ! ಆ ಅಡಚಣೆಯೇ ಅನುಮಾನದ ಸುಳಿವು.

ಆದ್ರೆ ಅಪಾಯವಿಲ್ಲದ ಫೈಬ್ರೋಅಡಿನೋಮಾ ಗಡ್ಡೆಯೂ ಕೆಲವೊಮ್ಮೆ ಹೀಗೇ ಕಾಣಿಸುತ್ತೆ. ಅದಕ್ಕೇ ಕೊನೆ ಮಾತು ಬಯಾಪ್ಸಿಯದ್ದು. ಡಾಕ್ಟರ್ ಬಯಾಪ್ಸಿ ಹೇಳಿದ್ರೆ ‘ಮೊದಲು ಎಂಆರ್‌ಐ ಮಾಡಿಸೋಣ’ ಅಂತ ತಿಂಗಳುಗಟ್ಟಲೆ ತಡ ಮಾಡಬೇಡಿ. ‘ಸೂಜಿ ಹಾಕಿದ್ರೆ ಹರಡುತ್ತೆ’ ಅನ್ನೋ ಭಯಕ್ಕೂ ನಿಲ್ಲಬೇಡಿ.

ಈಗ ನಮ್ಮೂರ ವಿಷಯ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದಿಂದ ಚಿತ್ರದುರ್ಗ, ದಾವಣಗೆರೆ ಅಥವಾ ಬೆಂಗಳೂರಿಗೆ ಹೊರಡೋ ಮುಂಚೆ ಒಂದು ಫೋನ್ ಮಾಡಿ. ‘ಎಂಆರ್‌ಐ ಇದೆಯಾ’ ಅಂತ ಕೇಳಿದ್ರೆ ಸಾಲದು, ‘ಸ್ತನಕ್ಕೆ ಬೇಕಾದ ಕಾಯಿಲ್ ಇದೆಯಾ’ ಅಂತ ಕೇಳಿ. ಬೋರಲಾಗಿ ಮಲಗಿಸಿ, ಈ ವಿಶೇಷ ಕಾಯಿಲ್‌ನಲ್ಲೇ ಚಿತ್ರ ತೆಗೆಯಬೇಕು. ಇದಿಲ್ಲದ ಕಡೆ ಹೋದ್ರೆ ಇಡೀ ದಿನ ಮತ್ತು ದುಡ್ಡು ದಂಡ. ಬೆಂಗಳೂರಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್‌ಗೆಂದೇ ಇರೋ ಸರ್ಕಾರಿ ಆಸ್ಪತ್ರೆ.

ಹಳೆಯ ಫಿಲ್ಮ್, ರಿಪೋರ್ಟ್ ಎಲ್ಲ ಜೊತೆಗಿರಲಿ. ಪೇಸ್‌ಮೇಕರ್, ಕಿಡ್ನಿ ತೊಂದರೆ, ಗರ್ಭಧಾರಣೆ ಇದ್ರೆ ಮೊದಲೇ ಹೇಳಿ. ಮುಟ್ಟು ನಿಲ್ಲದವರಿಗೆ, ತುರ್ತಿಲ್ಲದಿದ್ರೆ, ಮುಟ್ಟು ಶುರುವಾದ 7ರಿಂದ 14ನೇ ದಿನದೊಳಗೆ ಚಿತ್ರ ಸ್ಪಷ್ಟವಾಗಿ ಬರುತ್ತೆ.

ಆ ಮಗಳು ಅಮ್ಮನಿಗೆ ಏನಂತ ಉತ್ತರ ಬರೀಬೇಕು? ‘ಗಾಬರಿ ಬೇಡಮ್ಮ. ಆದ್ರೆ ಈ ವಾರವೇ ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ.’ ಅಷ್ಟು ಸಾಕು.