ತಮ್ಮ, ತಮ್ಮುಡು ಮತ್ತು ದಪ್ಪ ಅಕ್ಷರ

ಕಡೇಚೂರಿನಿಂದ ತೆಲಂಗಾಣದ ಗಡಿ ದೂರವಿಲ್ಲ. ಗಡಿ ದಾಟಿದರೆ ಫಲಕಗಳಲ್ಲಿ ಅಕ್ಷರದ ತಲೆಕಟ್ಟು ಬದಲಾಗುತ್ತದೆ: ಕನ್ನಡದಲ್ಲಿ ಅಡ್ಡಗೆರೆಯಂತೆ, ತೆಲುಗಿನಲ್ಲಿ 'ಸರಿ' ಗುರುತಿನಂತೆ. ಮುಂಬಯಿಯ 'ಏಕ್ ಟೈಪ್' ಬಳಗ 2016ರಲ್ಲಿ ಹೊರತಂದ 'ಬಾಲೂ' ಅಕ್ಷರಶೈಲಿಯು ಈ ವ್ಯತ್ಯಾಸವನ್ನು ಅಳಿಸದೆಯೇ ಭಾರತದ 9 ಲಿಪಿಗಳಿಗೆ ಒಂದೇ ಮೈಕಟ್ಟು ಕೊಟ್ಟಿತು. ಕರಡಿಯಂತೆ ದುಂಡಗೆ, ದಪ್ಪಗಿರುವ ಇದರ ಕನ್ನಡ ರೂಪ 'ಬಾಲೂ ತಮ್ಮ'. ತೆಲುಗಿನದು 'ಬಾಲೂ ತಮ್ಮುಡು'. ಬಳಕೆಗೆ ಉಚಿತ.

ಇಂಥ ಅಕ್ಷರ ಎಲ್ಲಿ ಒಪ್ಪುತ್ತದೆ? ಮಕ್ಕಳ ಪುಸ್ತಕದ ಮುಖಪುಟಕ್ಕೆ, ವಾರ್ಷಿಕೋತ್ಸವದ ಭಿತ್ತಿಪತ್ರಕ್ಕೆ. ಔಷಧಿಯ ಚೀಟಿಗೆ ಸಲ್ಲದು. ಏಕೆಂದರೆ ದಪ್ಪ ಅಕ್ಷರವನ್ನು ಚಿಕ್ಕದಾಗಿಸಿದಾಗ ಒಳಗಿನ ಬಯಲು ಮುಚ್ಚಿ, ಒತ್ತಕ್ಷರ ಮಸಿಯ ಚುಕ್ಕೆಯಾಗುತ್ತದೆ. 'ಪ', 'ಷ' ಒಂದೇ ಆಗಿ ಕಾಣುತ್ತವೆ.

ನೀವೇ ಪರೀಕ್ಷಿಸಿ. ಕಂಪ್ಯೂಟರಿನಲ್ಲಿ 'ಪುಷ್ಪ' ಎಂದು ಬರೆದು ಮೊದಲು ದೊಡ್ಡದಾಗಿ, ಆಮೇಲೆ ಚಿಕ್ಕದಾಗಿ ಮುದ್ರಿಸಿ. ಕೈಯಳತೆಯ ದೂರದಿಂದ ಓದಲಾಗದಿದ್ದರೆ, ಅಲ್ಲಿ ಸರಳ ಅಕ್ಷರವನ್ನೇ ಬಳಸಿ.