ಹದಿನೆಂಟು ಮಾಳಿಗೆಯ ಮನೆಯಲ್ಲಿ ಜಗಲಿ ಎಲ್ಲಿ?

“ಅಕ್ಕಾ, ಒಮ್ಮೆ ಬಂದು ಹೋಗು. ಅಮ್ಮ ಸಹಿ ಹಾಕ್ಲಿಕ್ಕೆ ಒಪ್ಪುತ್ತಾ ಇಲ್ಲ.”

ಮೇ ತಿಂಗಳಲ್ಲಿ ತಮ್ಮ ಮಂಗಳೂರಿನಿಂದ ಫೋನು ಮಾಡಿದಾಗ ನಾನು ಪುತ್ತೂರಿನ ನಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕುತ್ತಿದ್ದೆ. ವಿಷಯ ನನಗೆ ಗೊತ್ತಿತ್ತು. ಬಿಜೈಯಲ್ಲಿರುವ ನಮ್ಮ ತವರುಮನೆಯ ಜಾಗವನ್ನು ಬಿಲ್ಡರೊಬ್ಬರು ಕೇಳಿದ್ದರು. ಅಕ್ಕಪಕ್ಕದ ಎರಡು ಮನೆಯವರು ಆಗಲೇ ಒಪ್ಪಿಯಾಗಿತ್ತು. ಹಳೆಯ ಮನೆಗಳನ್ನು ಕೆಡವಿ 18 ಮಾಳಿಗೆಯ ಕಟ್ಟಡ ಕಟ್ಟುತ್ತಾರಂತೆ. ಜಾಗ ಕೊಟ್ಟವರಿಗೆ ಹಣದ ಬದಲು ಫ್ಲ್ಯಾಟುಗಳು. ನಮ್ಮ ಪಾಲಿಗೆ ಎರಡು.

ಅಮ್ಮ ಒಪ್ಪದ್ದು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತೆಂದರೆ ಸುಳ್ಳಲ್ಲ. ನಾನು ಹುಟ್ಟಿ ಬೆಳೆದ ಕೆಂಪುಕಲ್ಲಿನ ಮನೆ, ಹಂಚಿನ ಮಾಡು, ಹಿತ್ತಿಲ ಬಾವಿ, ಹಲಸಿನ ಮರ. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದು ಊರೂರಿಗೆ ಹಂಚು ಕಳಿಸಿದ ಮಂಗಳೂರಿನಲ್ಲಿ ಈಗ ಹಂಚಿನ ಮನೆ ಹುಡುಕಿಕೊಂಡು ಹೋಗಬೇಕಾಗಿದೆ. ಕದ್ರಿ, ಕೊಡಿಯಾಲಬೈಲು, ಬೆಂದೂರು, ಎಲ್ಲಿ ತಲೆಯೆತ್ತಿದರೂ ಮುಗಿಲು ಮುಟ್ಟುವ ಕಟ್ಟಡಗಳೇ. ಅಮ್ಮನಾದರೂ ಗಟ್ಟಿಯಾಗಿ ನಿಂತಳಲ್ಲ ಎಂದುಕೊಂಡೆ.

“ಮಳೆ ಹಿಡಿಯಲಿ, ಬರ್ತೇನೆ” ಎಂದೆ. ಮನೆಯ ಗುಣ ಮಳೆಗಾಲದಲ್ಲೇ ತಿಳಿಯುವುದು ಎಂದು ನಮ್ಮಪ್ಪ ಹೇಳುತ್ತಿದ್ದರು.

ಅಮ್ಮ ಹೇಳಿದ್ದೇ ಬೇರೆ

ಜುಲೈಯಲ್ಲಿ ಹೋದೆ. ರಾತ್ರಿ ಊಟವಾದ ಮೇಲೆ ಅಮ್ಮನ ಪಕ್ಕ ಜಗಲಿಯಲ್ಲಿ ಕೂತು, “ಈ ಮನೆ ಬಿಡುವುದು ಬೇಡ ಅಲ್ವಾ ಅಮ್ಮ?” ಎಂದು ಕೇಳಿದೆ.

“ಯಾರು ಹೇಳಿದ್ದು ಬೇಡ ಅಂತ?” ಎಂದರು ಅಮ್ಮ. “ನೀನು ವರ್ಷಕ್ಕೆ ಎರಡು ಸಲ ಬರ್ತೀ, ಹಲಸು ತಿಂತೀ, ಹೋಗ್ತೀ. ತರಗೆಲೆ ಗುಡಿಸುವವಳು ನಾನು. ಹಂಚು ಒಡೆದರೆ ಸರಿ ಮಾಡ್ಲಿಕ್ಕೆ ಜನ ಸಿಗುವುದಿಲ್ಲ. ಕಳೆದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದಾಗ ಒಂದು ಗಂಟೆ ಹಾಗೇ ಬಿದ್ದುಕೊಂಡಿದ್ದೆ, ಕೂಗಿದರೆ ಕೇಳುವವರಿಲ್ಲ.”

ನನ್ನ ಬಾಯಿ ಕಟ್ಟಿತು. ತಮ್ಮ, ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲೆಲ್ಲ ಅಮ್ಮ ಒಬ್ಬರೇ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

“ಮತ್ತೆ ಸಹಿ ಯಾಕೆ ಹಾಕಲಿಲ್ಲ?”

“ನಕ್ಷೆ ತಂದು ತೋರಿಸಿದ್ರು. ಎಲ್ಲ ಉಂಟು. ಈಜುಕೊಳ ಉಂಟು, ವ್ಯಾಯಾಮದ ಕೋಣೆ ಉಂಟು. ನಾನು ಕೂತುಕೊಳ್ಳುವ ಜಗಲಿ ಎಲ್ಲಿ ಉಂಟು ಅಂತ ಕೇಳಿದೆ. ನಿನ್ನ ತಮ್ಮ ನಗಾಡಿದ.”

ಹದಿನಾಲ್ಕನೇ ಮಾಳಿಗೆಯಲ್ಲಿ ಮಳೆ

ಮರುದಿನ ನಾನು, ಅಮ್ಮ, ತಮ್ಮನ ಹೆಂಡತಿ ಮೂವರೂ ಕದ್ರಿಯ ಕಡೆ ನನ್ನ ಶಾಲೆಯ ಗೆಳತಿಯೊಬ್ಬಳ ಫ್ಲ್ಯಾಟು ನೋಡಲು ಹೋದೆವು. ಹದಿನಾಲ್ಕನೇ ಮಾಳಿಗೆ. ಬಾಗಿಲು ತೆರೆದ ಕೂಡಲೇ ಗೋಡೆಯುದ್ದಕ್ಕೂ ಗಾಜು. ಕೆಳಗೆ ತೆಂಗಿನ ತಲೆಗಳು, ಆಚೆ ಕಡಲು. ಎಂಥವರಿಗೂ ಒಂದು ಗಳಿಗೆ ಮಾತು ನಿಲ್ಲುವಂಥ ನೋಟ.

ಅಷ್ಟರಲ್ಲಿ ಪಡುವಣದಿಂದ ಮಳೆ ಬಂತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ನೆಲದ ಮೇಲಿನ ಮನೆಗೆ ಮಳೆ ಮೇಲಿನಿಂದ ಬೀಳುತ್ತದೆ. ಅಷ್ಟು ಎತ್ತರದಲ್ಲಿ ಗಾಳಿಯೊಡನೆ ಅಡ್ಡಕ್ಕೆ ಬರುತ್ತದೆ! ಕಿಟಕಿಗೆ ಮೇಲೆ ಸಜ್ಜಾ ಇಲ್ಲ. ಹೊರಗಿನಿಂದ ಕಟ್ಟಡ ನುಣ್ಣಗೆ ಕಾಣಬೇಕೆಂದು ತೆಗೆದುಬಿಟ್ಟಿದ್ದಾರೆ. ಜಾರುವ ಗಾಜಿನ ಕಿಟಕಿಯ ಹಳಿಯಲ್ಲಿ ನೀರು ತುಂಬಿ ಒಳಗೆ ಸುರಿಯಿತು. ಗೆಳತಿ ಅಭ್ಯಾಸಬಲದಿಂದ ಹಳೆಯ ಟವೆಲುಗಳನ್ನು ಸಾಲಾಗಿ ಹಾಸಿದಳು.

“ಬೇಸಿಗೆಯಲ್ಲಿ?” ಎಂದು ಕೇಳಿದೆ.

“ಮಧ್ಯಾಹ್ನ ಮೂರರಿಂದ ಪರದೆ ಎಳೆದು ಏ.ಸಿ. ಹಾಕುವುದು. ಕಡಲು ಕಾಣ್ತದೆ ಅಂತ ಹೆಚ್ಚು ದುಡ್ಡು ಕೊಟ್ಟದ್ದು, ಈಗ ಕಡಲಿಗೆ ಪರದೆ!” ಎಂದು ತಾನೇ ನಕ್ಕಳು.

ಆದರೆ ಅವಳು ದೂರು ಹೇಳಲೆಂದೇ ಕೂತವಳಲ್ಲ. ಸೊಳ್ಳೆ ಕಡಿಮೆ, ಕಳ್ಳರ ಭಯವಿಲ್ಲ, ಮಕ್ಕಳಿಗೆ ಆಡಲು ಜೊತೆ ಸಿಗುತ್ತದೆ, ಗಂಡ ಊರಿಗೆ ಹೋದರೂ ಧೈರ್ಯವಾಗಿ ಮಲಗುತ್ತೇನೆ ಎಂದಳು. ಇದೇನು ಸಣ್ಣ ಮಾತಲ್ಲ.

ಅಡುಗೆಮನೆಯ ವಿಷಯಕ್ಕೆ ನಮ್ಮಲ್ಲೇ ಎರಡು ಅಭಿಪ್ರಾಯವಾಯಿತು. ಅಲ್ಲಿ ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲ. ಬಂಗುಡೆ ಹುರಿದರೆ ಸೋಫಾದ ಬಟ್ಟೆಗೂ ವಾಸನೆ. ನನಗೆ ಸರಿಬರಲಿಲ್ಲ. ತಮ್ಮನ ಹೆಂಡತಿ ಮಾತ್ರ, “ಅತ್ತಿಗೆ, ಗೋಡೆ ಇದ್ದರೆ ಒಳಗೆ ನಾನೊಬ್ಬಳೇ. ಗೋಡೆ ಇಲ್ಲದಿದ್ದರೆ ಇವರಿಗೂ ಪಾತ್ರೆ ಕಾಣ್ತದೆ, ಎದ್ದು ಬಂದು ತೊಳೀತಾರೆ” ಎಂದಳು. ನನಗಿಂತ ಹತ್ತು ವರ್ಷ ಚಿಕ್ಕವಳ ಮಾತು, ಒಪ್ಪಬೇಕಾಯಿತು. ಕೊನೆಗೆ ಬೇಕಾದಾಗ ಎಳೆದು ಮುಚ್ಚುವ ಬಾಗಿಲಿದ್ದರೆ ಇಬ್ಬರಿಗೂ ಸರಿ ಎಂದು ತೀರ್ಮಾನವಾಯಿತು.

ಬಟ್ಟೆ ಒಣಗಿಸುವ ಜಾಗ ನೋಡಿದರೆ ಬರೇ ಮೂರಡಿ ಅಗಲ. ಅಲ್ಲೇ ತೊಳೆಯುವ ಯಂತ್ರ, ಅಲ್ಲೇ ಗ್ಯಾಸಿನ ಸಿಲಿಂಡರು, ಅಲ್ಲೇ ಕಸದ ಡಬ್ಬ. ನಾಲ್ಕು ತಿಂಗಳ ಮಳೆಗಾಲದಲ್ಲಿ ನಾಲ್ಕು ಜನರ ಬಟ್ಟೆ ಅಲ್ಲಿ ಹೇಗೆ ಒಣಗಬೇಕು? ಮಲಗುವ ಕೋಣೆಯ ಫ್ಯಾನಿನ ಕೆಳಗೇ ಗತಿ. ನಕ್ಷೆ ಬರೆದವರು ಒಮ್ಮೆಯಾದರೂ ಮಳೆಗಾಲದಲ್ಲಿ ಬಟ್ಟೆ ಒಗೆದಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ಮುಂಬಯಿಯ ಒಂದು ಉದಾಹರಣೆ

ಬಿಲ್ಡರ ಕಚೇರಿಗೆ ಹೋದಾಗ ನಕ್ಷೆ ತೋರಿಸಿದವಳು ಒಬ್ಬ ಚಿಕ್ಕ ಹುಡುಗಿ, ಆರ್ಕಿಟೆಕ್ಟು. ಅಮ್ಮ ಅವಳಿಗೂ ಅದೇ ಪ್ರಶ್ನೆ ಹಾಕಿದರು: “ಜಗಲಿ ಎಲ್ಲಿ ಮಗಾ?” ಅವಳು ನಗಲಿಲ್ಲ. ಒಂದು ಪುಸ್ತಕ ತಂದು ಚಿತ್ರ ತೋರಿಸಿದಳು.

ಅದು ಮುಂಬಯಿಯ ಕಾಂಚನಜುಂಗಾ ಎಂಬ ಕಟ್ಟಡ. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. 1983ರಲ್ಲಿ ಮುಗಿದದ್ದು, 28 ಮಾಳಿಗೆ. ಅಲ್ಲಿಯೂ ನಮ್ಮ ಹಾಗೆಯೇ ತೊಂದರೆ: ತಂಪು ಗಾಳಿ ಬರುವುದೂ ಕಡಲು ಕಾಣುವುದೂ ಪಶ್ಚಿಮಕ್ಕೆ, ಸುಡುವ ಬಿಸಿಲೂ ಮಳೆಯೂ ಬರುವುದು ಅಲ್ಲಿಂದಲೇ. ಹಳೆಯ ಬಂಗಲೆಗಳಲ್ಲಿ ಸುತ್ತಲೂ ಜಗಲಿ ಇದ್ದು ಬಿಸಿಲು ಮಳೆಗಳನ್ನು ಹೊರಗೇ ತಡೆಯುತ್ತಿತ್ತಲ್ಲ, ಕೊರಿಯಾ ಅದನ್ನೇ ಮೇಲಕ್ಕೆ ಕೊಂಡೊಯ್ದರು. ಪ್ರತಿ ಮನೆಯ ಮೂಲೆಯಲ್ಲೂ ಎರಡು ಮಾಳಿಗೆ ಎತ್ತರದ, ಆಳವಾದ ತೆರೆದ ಜಗಲಿ. ಗಿಡ ಬೆಳೆಸಬಹುದು, ಕೂರಬಹುದು. ಒಳಗಿನ ಕೋಣೆಗೆ ಗಾಳಿ ಬರುತ್ತದೆ, ಇರಚಲು ಬರುವುದಿಲ್ಲ.

ಅದು ದೊಡ್ಡ ಸಿರಿವಂತರ ಕಟ್ಟಡ, ಇಡೀ ಕಟ್ಟಡಕ್ಕೆ 32 ಮನೆ ಮಾತ್ರ. ನಮ್ಮಂಥವರಿಗೆ ಅಷ್ಟೆಲ್ಲ ಸಾಧ್ಯವಿಲ್ಲ. ಆದರೆ ಎತ್ತರದ ಕಟ್ಟಡವೆಂದರೆ ಗಾಜಿನ ಪೆಟ್ಟಿಗೆಯೇ ಆಗಬೇಕೆಂದಿಲ್ಲ ಎಂಬುದು ಆ ದಿನ ನನಗೆ ಅರ್ಥವಾಯಿತು. ಅಮ್ಮ ಕೇಳಿದ್ದು ಹಳ್ಳಿಗುಗ್ಗಿನ ಪ್ರಶ್ನೆ ಆಗಿರಲಿಲ್ಲ.

ನಾವು ಕೇಳಿದ್ದು, ಸಿಕ್ಕಿದ್ದು

ಪಟ್ಟಿ ಮಾಡಿ ಕೇಳಿದೆವು. ಜಗಲಿ ನಾಲ್ಕಡಿ ಇದ್ದದ್ದು ಆರಡಿಯಾಗಬೇಕು. ಬಿಲ್ಡರು, “ಹಾಲು ಎರಡಡಿ ಸಣ್ಣದಾಗ್ತದೆ, ಕೊಳ್ಳುವವರು ದೊಡ್ಡ ಹಾಲು ಕೇಳ್ತಾರೆ” ಎಂದರು. “ಹಾಲಿನಲ್ಲಿ ಕೂತು ನಾನು ಯಾರನ್ನು ನೋಡುವುದು?” ಎಂದರು ಅಮ್ಮ. ಒಪ್ಪಿದರು. ಕಂಬಗಳು ಒಂದರ ಮೇಲೊಂದು ಬರುವುದರಿಂದ ಆ ಸಾಲಿನ ಎಲ್ಲ ಮನೆಗಳಿಗೂ ಈಗ ಆರಡಿಯ ಜಗಲಿ. ಪಶ್ಚಿಮದ ಕಿಟಕಿಗಳಿಗೆ ಸಜ್ಜಾ ಸಿಕ್ಕಿತು. ಅಡುಗೆಮನೆಗೆ ಎಳೆಯುವ ಬಾಗಿಲೂ ಸಿಕ್ಕಿತು.

ಬಾವಿಗಾಗಿ ನಾನು ಹಟ ಹಿಡಿದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟಾಗ ಆಚೀಚೆಯವರಿಗೆಲ್ಲ ಕೊಡ ತುಂಬಿಸಿ ಕೊಟ್ಟದ್ದು ಆ ಬಾವಿಯೇ. ಜಾಲರಿ ಹಾಕಿ ಉಳಿಸಿ, ಮಾಡಿನ ಮಳೆನೀರನ್ನು ಶೋಧಿಸಿ ಅದಕ್ಕೇ ಬಿಡುತ್ತೇವೆ ಎಂದು ಬರೆದು ಕೊಟ್ಟಿದ್ದಾರೆ.

ಹಲಸಿನ ಮರ ಉಳಿಯಲಿಲ್ಲ. ಕಾರುಗಳು ನೆಲಮಾಳಿಗೆಗೆ ಇಳಿಯುವ ದಾರಿ ಅಲ್ಲೇ ಬರುತ್ತದಂತೆ. ನಾನು ಅತ್ತೆ. ಅಮ್ಮ ಅಳಲಿಲ್ಲ.

ಇನ್ನೊಂದು ಮಾತು. ತಮ್ಮನಿಗೆ ಹದಿನಾರನೇ ಮಾಳಿಗೆಯ ಮೇಲೆ ಆಸೆ. ಅಮ್ಮ ತನಗೆ ಎರಡನೆಯದೇ ಸಾಕು ಎಂದರು. “ಮೇಲಿನಿಂದ ಕಡಲು ಕಾಣ್ತದೆ ಮಾರಾಯ್ತಿ, ಮೀನಿನವಳ ಮುಖ ಕಾಣುವುದಿಲ್ಲ.” ಈಗ ಕೆಳಗೊಂದು, ಮೇಲೊಂದು. ಲಿಫ್ಟಿನಲ್ಲಿ ಒಂದು ನಿಮಿಷದ ದಾರಿ, ಕೂಗುವ ಬದಲು ಒತ್ತಲು ಬಚ್ಚಲಿನಲ್ಲೊಂದು ಗಂಟೆಯ ಗುಂಡಿ.

ಫ್ಲ್ಯಾಟು ನೋಡಲು ಹೋಗುವ ಸೋದರಿಯರಿಗೆ

ನಮ್ಮ ಪುತ್ತೂರಿನಂಥ ಊರುಗಳಲ್ಲೂ ಈಗ ಮಾಳಿಗೆಯ ಮೇಲೆ ಮಾಳಿಗೆ ಏಳುತ್ತಿದೆ. ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ.

• ಅಳತೆ ಕೇಳುವಾಗ ‘ಕಾರ್ಪೆಟ್ ಏರಿಯಾ’ ಎಷ್ಟೆಂದು ಕೇಳಿ. ಗೋಡೆಯೊಳಗೆ ನಿಜವಾಗಿ ಬಳಸುವ ಜಾಗ ಅದು. 2016ರ ರೇರಾ ಕಾನೂನಿನಲ್ಲಿ ಅದರ ಅರ್ಥ ಸ್ಪಷ್ಟವಾಗಿದೆ. ಬಾಲ್ಕನಿ ಅದರಲ್ಲಿ ಸೇರುವುದಿಲ್ಲ, ಅದರ ಅಳತೆಯನ್ನು ಬೇರೆಯಾಗಿ ಕೇಳಿ.

• ಯೋಜನೆ ರೇರಾದಲ್ಲಿ ನೋಂದಣಿಯಾಗಿದೆಯೇ ನೋಡಿ. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಖರ್ಚು ಕೇಳದೆ ಸರಿಪಡಿಸಿ ಕೊಡುವುದು ಕಟ್ಟಿದವರ ಹೊಣೆ.

• ಟೆರೇಸು ಅದೇ ಕಾನೂನಿನ ಪ್ರಕಾರ ಎಲ್ಲರಿಗೂ ಸೇರಿದ ಜಾಗ. ಹಪ್ಪಳ ಒಣಗಿಸಲು ಬೀಗದ ಕೈ ಯಾರ ಹತ್ತಿರ ಇರುತ್ತದೆಂದು ಮೊದಲೇ ಮಾತಾಡಿಕೊಳ್ಳಿ.

• ಲಿಫ್ಟಿನೊಳಗೆ ಸ್ಟ್ರೆಚರು ಹಿಡಿಸುತ್ತದೆಯೇ, ಕರೆಂಟು ಹೋದರೆ ಜನರೇಟರಿನಿಂದ ಲಿಫ್ಟು ನಡೆಯುತ್ತದೆಯೇ ವಿಚಾರಿಸಿ.

• ಮೆಟ್ಟಿಲನ್ನು ಹತ್ತಿ ನೋಡಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಎಂಬ ಕಚೇರಿ ಕಟ್ಟಡಕ್ಕೆ ಬೆಂಕಿ ಬಿದ್ದು 9 ಮಂದಿ ಪ್ರಾಣ ಬಿಟ್ಟರು. ಬೆಂಕಿ ಬಿದ್ದಾಗ ಲಿಫ್ಟು ಹತ್ತಬಾರದು, ಮೆಟ್ಟಿಲೇ ದಾರಿ. ಅಲ್ಲಿ ಸೈಕಲು, ಹಳೆಯ ಮಂಚ, ಚಪ್ಪಲಿ ಗೂಡು ಇಡಬೇಡಿ, ಇಡಲೂ ಬಿಡಬೇಡಿ.

• ಬಟ್ಟೆ ಒಣಗುವ ಜಾಗದಲ್ಲಿ ನಿಂತು ಎರಡೂ ಕೈ ಚಾಚಿ ನೋಡಿ. ಗೋಡೆ ತಾಗಿದರೆ ಜಾಗ ಸಾಲದು.

ಎಲ್ಲಕ್ಕಿಂತ ಮುಖ್ಯ, ಇದೆಲ್ಲ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಕೇಳಬೇಕು. ಕಾಂಕ್ರೀಟು ಬಿದ್ದ ಮೇಲೆ ಎಷ್ಟು ಹೇಳಿದರೂ ಗೋಡೆ ಕದಲುವುದಿಲ್ಲ. ‘ನಮಗೇನು ತಿಳಿಯುತ್ತದೆ, ಗಂಡಸರು ನೋಡಿಕೊಳ್ಳಲಿ’ ಎನ್ನಬೇಡಿ. ನಾನು ಓದಿದ್ದು ಬರೇ ಎಸ್.ಎಸ್.ಎಲ್.ಸಿ., ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಮನೆಯಲ್ಲಿ ಹಗಲೆಲ್ಲ ಇರುವವರಿಗೆ ತಿಳಿದಷ್ಟು ಮನೆಯ ವಿಷಯ ಇನ್ನಾರಿಗೆ ತಿಳಿದೀತು?

ಆಗಸ್ಟಿನಲ್ಲಿ ಹೊಸ ನಕ್ಷೆ ಬಂತು. ಅಮ್ಮ ಕನ್ನಡಕ ಹಾಕಿ ಜಗಲಿಯಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಆರಡಿ ಅಂತ ಬರೆದದ್ದು ಇದೇ ಅಲ್ವಾ?” ಎಂದು ಎರಡು ಸಲ ಕೇಳಿದರು. ಆಮೇಲೆ ಪೆನ್ನು ಕೊಡಿ ಎಂದರು.